ಮದುವೆಯಾದ ಮೇಲೆ ಯಾರ ಹೆಸರು? ನೀವು ಸುಮ್ಮನಿದ್ದರೆ ಕಾನೂನು ಏನು ಬರೆದುಕೊಳ್ಳುತ್ತದೆ

2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು. ಹೆಂಡತಿ ಗಂಡನ ಅಡ್ಡಹೆಸರು ತೆಗೆದುಕೊಳ್ಳುವಷ್ಟೇ ಸುಲಭವಾಗಿ ಗಂಡನೂ ಹೆಂಡತಿಯ ಅಡ್ಡಹೆಸರು ತೆಗೆದುಕೊಳ್ಳುವಂತಿರಬೇಕು ಎಂದಿತು. ಸುದ್ದಿ ಓದಿದವರಿಗೆ ಮೊದಲು ಬರುವ ಪ್ರಶ್ನೆ, ಇಷ್ಟಕ್ಕೂ ಕೋರ್ಟಿಗೆ ಹೋಗಬೇಕಿತ್ತಾ?

ಜಪಾನಿನಿಂದ ಬರುತ್ತಿರುವ ಸುದ್ದಿ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಹೆಂಗಸರು ಹೋರಾಡುತ್ತಿರುವುದು ಹೆಸರು ಬದಲಿಸದೇ ಇರುವ ಹಕ್ಕಿಗೆ. ಜರ್ಮನಿಯಲ್ಲಿ 2025ರ ಮೇ 1ರಿಂದ ಗಂಡ ಹೆಂಡತಿ ಇಬ್ಬರೂ ಎರಡೂ ಮನೆಯ ಹೆಸರನ್ನು ಜೋಡಿಸಿ ಇಟ್ಟುಕೊಳ್ಳಬಹುದು. ಅಮೆರಿಕದಲ್ಲಿ ಮತದಾರರ ನೋಂದಣಿಯ ಮಸೂದೆಯೊಂದು ಬಂದಾಗ, ಮದುವೆಯಾಗಿ ಹೆಸರು ಬದಲಿಸಿಕೊಂಡವರಿಗೆ ಮತ ಹಾಕಲು ತೊಂದರೆ ಆಗುತ್ತದಾ ಎಂಬ ಜಗಳ ಎದ್ದಿತು. ಇನ್ನು ಕೆನಡಾದ ಕ್ವಿಬೆಕ್‌ನಲ್ಲಿ ಹೆಂಡತಿಗೆ ಗಂಡನ ಹೆಸರು ಬೇಕೆಂದರೂ ಸಿಗುವುದು ಕಷ್ಟ.

ಒಬ್ಬರಿಗೆ ಬದಲಿಸಬೇಕು, ಇನ್ನೊಬ್ಬರಿಗೆ ಬದಲಿಸಬಾರದು, ಮತ್ತೊಬ್ಬರಿಗೆ ಎರಡೂ ಬೇಕು. ಎಲ್ಲರೂ ಸಮಾನತೆ ಎನ್ನುವ ಒಂದೇ ಪದ ಬಳಸುತ್ತಿದ್ದಾರೆ. ತಲೆ ಕೆಡುವುದು ಸಹಜ ಅಲ್ವಾ?

ಈ ಸುದ್ದಿಗಳನ್ನೆಲ್ಲ ಒಟ್ಟಿಗೆ ಅರ್ಥ ಮಾಡಿಕೊಳ್ಳಲು ಒಂದು ಪ್ರಶ್ನೆ ಸಹಾಯಕ್ಕೆ ಬರುತ್ತದೆ: ಮದುವೆಯಾದ ಜೋಡಿ ಏನೂ ಹೇಳದೆ, ಏನೂ ಬರೆಯದೆ ಸುಮ್ಮನಿದ್ದರೆ ದಾಖಲೆಯಲ್ಲಿ ಏನಾಗುತ್ತದೆ? ಹೊಸ ಫೋನಿನ ಜೊತೆ ಬರುವ ರಿಂಗ್‌ಟೋನ್ ಇದೆಯಲ್ಲ, ಬದಲಿಸಬಹುದು, ಆದರೆ ಎಷ್ಟೋ ಜನ ಬದಲಿಸುವುದಿಲ್ಲ. ಹೆಸರಿನ ಕಾನೂನಿನಲ್ಲೂ ಅಂಥದ್ದೊಂದು ಡಿಫಾಲ್ಟ್ ಇರುತ್ತದೆ. ಆ ಡಿಫಾಲ್ಟ್ ಯಾರ ಕಡೆಗಿದೆ, ಅದನ್ನು ದಾಟಬೇಕಾದವರು ಎಷ್ಟು ಓಡಾಡಬೇಕು, ಜಗಳ ಇರುವುದು ಅಲ್ಲಿ.

ಈ ಪದ್ಧತಿ ನಿಜಕ್ಕೂ ಎಷ್ಟು ಹಳೆಯದು?

ಹೆಂಡತಿ ಗಂಡನ ಹೆಸರು ತೆಗೆದುಕೊಳ್ಳುವುದು ಅನಾದಿ ಕಾಲದಿಂದ ಎಲ್ಲ ಕಡೆ ಇದ್ದದ್ದು ಎಂದು ಅನೇಕರು ನಂಬಿದ್ದಾರೆ. ಹಾಗಿಲ್ಲ. ಕೊರಿಯಾದಲ್ಲಿ ಹೆಂಡತಿ ತನ್ನ ಹುಟ್ಟಿದ ಮನೆಯ ಹೆಸರನ್ನೇ ಉಳಿಸಿಕೊಳ್ಳುತ್ತಾಳೆ. ಚೀನಾದ 1950ರ ಮದುವೆ ಕಾನೂನು ಇಬ್ಬರಿಗೂ ಅವರವರ ಹೆಸರಿನ ಹಕ್ಕು ಕೊಟ್ಟಿತು. ಸ್ಪೇನಿನಲ್ಲಿ ಪ್ರತಿಯೊಬ್ಬರಿಗೂ ಎರಡು ಅಡ್ಡಹೆಸರು, ಮದುವೆಯಿಂದ ಅದು ಬದಲಾಗುವುದಿಲ್ಲ. ಐಸ್‌ಲ್ಯಾಂಡಿನಲ್ಲಿ ಹೆಚ್ಚಿನವರಿಗೆ ಅಪ್ಪನ ಅಥವಾ ಅಮ್ಮನ ಹೆಸರಿಗೆ ಮಗ, ಮಗಳು ಎಂದು ಸೇರಿಸಿ ಕರೆಯುತ್ತಾರೆ, ಅಲ್ಲಿ ಗಂಡನ ಹೆಸರು ಸೇರಿಸಿಕೊಂಡರೆ ಅರ್ಥವೇ ಕೆಟ್ಟುಹೋಗುತ್ತದೆ. ಗಂಡನಿಗೆ ಹೆಂಡತಿ ಆಗಬೇಕಾದವಳು ಅವನ ಅಪ್ಪನ ಮಗ ಆಗಿಬಿಡುತ್ತಾಳೆ!

ಇಂದು ನಮಗೆ ಪರಿಚಯ ಇರುವ ಮಿಸ್ಟರ್, ಮಿಸೆಸ್ ಮಾದರಿ ಜಗತ್ತಿಗೆ ಹರಡಿದ್ದರಲ್ಲಿ ಇಂಗ್ಲೆಂಡಿನ ಪಾಲು ದೊಡ್ಡದು. ಅಲ್ಲಿ ಕವರ್ಚರ್ ಎಂಬ ಕಾನೂನು ತತ್ವ ಇತ್ತು. ಮದುವೆಯಾದ ಮೇಲೆ ಗಂಡ ಹೆಂಡತಿ ಕಾನೂನಿನ ಕಣ್ಣಿಗೆ ಒಬ್ಬರೇ ವ್ಯಕ್ತಿ, ಮತ್ತು ಆ ವ್ಯಕ್ತಿ ಗಂಡ. ವಿಲಿಯಂ ಬ್ಲ್ಯಾಕ್‌ಸ್ಟೋನ್ 1765ರಲ್ಲಿ ಬರೆದ ಕಾನೂನು ವ್ಯಾಖ್ಯಾನದಲ್ಲಿ ಇದನ್ನು ಸ್ಪಷ್ಟವಾಗಿ ವಿವರಿಸಿದ್ದಾನೆ. ಹೆಂಡತಿ ಸ್ವಂತವಾಗಿ ಒಪ್ಪಂದ ಮಾಡಿಕೊಳ್ಳುವಂತಿಲ್ಲ, ಅವಳ ಹಣ, ಸಾಮಾನು ಗಂಡನ ಕೈಗೆ ಹೋಗುತ್ತಿತ್ತು. ಅಂಥ ಕಾಲದಲ್ಲಿ ಹೆಸರು ಬದಲಾಗುವುದಕ್ಕೆ ಒಂದು ತರ್ಕ ಇತ್ತು: ಈಕೆಯ ಸಾಲ, ಈಕೆಯ ವ್ಯವಹಾರ ಯಾರ ಲೆಕ್ಕಕ್ಕೆ ಸೇರುತ್ತದೆ ಎಂದು ಹೆಸರೇ ಹೇಳಬೇಕಿತ್ತು.

1882ರ ಕಾನೂನಿನಿಂದ ಇಂಗ್ಲೆಂಡಿನ ಮದುವೆಯಾದ ಹೆಂಗಸರಿಗೆ ಸ್ವಂತ ಆಸ್ತಿಯ ಹಕ್ಕು ಬಂತು. ಕಾರಣ ಹೋಯಿತು, ಹೆಸರಿನ ರೂಢಿ ಮಾತ್ರ ಹಾಗೇ ನಿಂತಿತು. ತಮಾಷೆ ಏನೆಂದರೆ ಇಂಗ್ಲೆಂಡಿನಲ್ಲಿ ಹೆಂಡತಿ ಹೆಸರು ಬದಲಿಸಲೇಬೇಕು ಎಂದು ಯಾವ ಕಾನೂನೂ ಹೇಳಿರಲಿಲ್ಲ. ರೂಢಿಯೇ ಕಾನೂನಿನಷ್ಟು ಗಟ್ಟಿಯಾಗಿತ್ತು.

ಎಷ್ಟು ಗಟ್ಟಿ ಎನ್ನುವುದು ಅಮೆರಿಕದ ಲೂಸಿ ಸ್ಟೋನ್ ಕಥೆಯಲ್ಲಿ ಗೊತ್ತಾಗುತ್ತದೆ. ಗುಲಾಮಗಿರಿಯ ವಿರುದ್ಧ, ಮಹಿಳೆಯರ ಮತದಾನಕ್ಕಾಗಿ ದುಡಿದ ಈಕೆ 1855ರಲ್ಲಿ ಹೆನ್ರಿ ಬ್ಲ್ಯಾಕ್‌ವೆಲ್ ಎಂಬುವರನ್ನು ಮದುವೆಯಾದರೂ ತನ್ನ ಹೆಸರನ್ನೇ ಇಟ್ಟುಕೊಂಡರು. 1879ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಶಾಲಾ ಸಮಿತಿ ಚುನಾವಣೆಯಲ್ಲಿ ಹೆಂಗಸರಿಗೆ ಮತ ಕೊಟ್ಟಿತು. ಜೀವಮಾನವಿಡೀ ಅದಕ್ಕಾಗಿ ಹೋರಾಡಿದ ಸ್ಟೋನ್‌ಗೇ ನೋಂದಣಿ ಸಿಗಲಿಲ್ಲ. ಕಾರಣ, ಬ್ಲ್ಯಾಕ್‌ವೆಲ್ ಎಂದು ಸಹಿ ಹಾಕಲು ಒಪ್ಪದಿದ್ದದ್ದು.

ಇದು ಹಳೇ ಕಾಲದ ಮಾತು ಎನ್ನುವ ಹಾಗೂ ಇಲ್ಲ. ಅಲಬಾಮಾ ರಾಜ್ಯದಲ್ಲಿ ಮದುವೆಯಾದ ಹೆಂಗಸು ಗಂಡನ ಹೆಸರಿನಲ್ಲೇ ಡ್ರೈವಿಂಗ್ ಲೈಸೆನ್ಸ್ ಮಾಡಿಸಬೇಕು ಎಂಬ ನಿಯಮವನ್ನು ಅಮೆರಿಕದ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 1972ರಲ್ಲಿ.

ಮೂರು ಬಗೆಯ ಕಾನೂನು, ಮೂರು ಬಗೆಯ ತಕರಾರು

ದೇಶಗಳ ಕಾನೂನನ್ನು ಸ್ಥೂಲವಾಗಿ ಮೂರು ಗುಂಪು ಮಾಡಬಹುದು. ಇಬ್ಬರಿಗೂ ಒಂದೇ ಹೆಸರು ಕಡ್ಡಾಯ, ಹೆಸರು ಬದಲಿಸುವಂತೆಯೇ ಇಲ್ಲ, ನಿಮ್ಮಿಷ್ಟ. ಮೂರನೆಯದೇ ಒಳ್ಳೆಯದು, ಅಷ್ಟರಲ್ಲಿ ವಿಷಯ ಮುಗಿಯಿತು ಅನ್ನಿಸಬಹುದು. ಆದರೆ ನಿಮ್ಮಿಷ್ಟ ಎನ್ನುವ ಕಡೆಯೂ ಯಾರ ಇಷ್ಟಕ್ಕೆ ಒಂದು ಅರ್ಜಿ ಸಾಕು, ಯಾರ ಇಷ್ಟಕ್ಕೆ ಹತ್ತು ಕಚೇರಿ ಅಲೆಯಬೇಕು ಎನ್ನುವುದು ಬೇರೆಯೇ ಲೆಕ್ಕ.

ಬದಲಿಸುವಂತಿಲ್ಲ ಎನ್ನುವ ಗುಂಪಿನಲ್ಲಿ ಫ್ರಾನ್ಸ್ ಹಳೆಯದು. ಕ್ರಾಂತಿಯ ಕಾಲದಲ್ಲಿ, 1794ರಲ್ಲಿ, ಜನನ ಪತ್ರದಲ್ಲಿರುವ ಹೆಸರು ಬಿಟ್ಟು ಬೇರೆ ಹೆಸರು ಯಾರೂ ಇಟ್ಟುಕೊಳ್ಳುವಂತಿಲ್ಲ ಎಂಬ ಕಾನೂನು ಬಂತು. ಇವತ್ತಿಗೂ ಅಲ್ಲಿ ಮದುವೆಯಿಂದ ಹೆಸರು ಬದಲಾಗುವುದಿಲ್ಲ. ಸಂಗಾತಿಯ ಹೆಸರನ್ನು ಬಳಕೆಯ ಹೆಸರು ಎಂದು ಮೇಲೊಂದು ಹೊದಿಕೆಯ ಹಾಗೆ ಹಾಕಿಕೊಳ್ಳಬಹುದು ಅಷ್ಟೇ, ಗುರುತಿನ ಚೀಟಿಯಲ್ಲೂ ಅದು ಬರುತ್ತದೆ, ಕೆಳಗಿನ ಹುಟ್ಟುಹೆಸರು ಅಲುಗಾಡುವುದಿಲ್ಲ.

ಕ್ವಿಬೆಕ್ 1981ರಲ್ಲಿ ಇನ್ನೂ ಬಿಗಿ ಮಾಡಿತು. ಗಂಡ ಹೆಂಡತಿ ಇಬ್ಬರೂ ತಮ್ಮ ತಮ್ಮ ಹೆಸರಿನಲ್ಲೇ ವ್ಯವಹರಿಸಬೇಕು. ಬದಲಿಸಲು ಗಂಭೀರ ಕಾರಣ ಬೇಕು, ಮದುವೆ ಅಂಥ ಕಾರಣ ಅಲ್ಲ. ಗ್ರೀಸ್ ಕೂಡ 1983ರಲ್ಲಿ ಇದೇ ದಾರಿ ಹಿಡಿಯಿತು, ಆಮೇಲೆ 2008ರಲ್ಲಿ ಸ್ವಲ್ಪ ಸಡಿಲಿಸಿತು. ಈ ಕಾನೂನುಗಳ ಉದ್ದೇಶ ಹೆಂಗಸರನ್ನು ಒತ್ತಡದಿಂದ ಕಾಪಾಡುವುದು. ಮನೆಯವರು ಏನೇ ಹೇಳಲಿ, ಕಾನೂನೇ ಬಿಡುವುದಿಲ್ಲ ಎಂದರೆ ವಾದ ಅಲ್ಲಿಗೇ ನಿಲ್ಲುತ್ತದೆ. ಆದರೆ ನಿಜವಾಗಿಯೂ ಇಷ್ಟಪಟ್ಟು ಗಂಡನ ಹೆಸರು ಬೇಕೆನ್ನುವ ಹೆಂಗಸಿಗೆ ಇದು ಇನ್ನೊಂದು ಬಗೆಯ ಬಲವಂತ. ನಿನ್ನ ಒಳ್ಳೆಯದಕ್ಕೇ ಎಂದು ಹೇಳಿ ಕೈ ಕಟ್ಟಿಹಾಕಿದ ಹಾಗೆ.

ನಿಮ್ಮಿಷ್ಟ ಎನ್ನುವ ಗುಂಪಿಗೆ ಜರ್ಮನಿ ಒಳ್ಳೆಯ ಉದಾಹರಣೆ, ಯಾಕೆಂದರೆ ಅಲ್ಲಿ ಡಿಫಾಲ್ಟ್ ಹಂತಹಂತವಾಗಿ ಬದಲಾದದ್ದನ್ನು ನೋಡಬಹುದು. ಮೊದಲು ಗಂಡನ ಹೆಸರೇ ಮನೆಯ ಹೆಸರು. 1957ರ ಕಾನೂನಿನಿಂದ ಹೆಂಡತಿ ತನ್ನ ಹೆಸರನ್ನು ಅದರ ಪಕ್ಕ ಸೇರಿಸಿಕೊಳ್ಳಬಹುದಾಯಿತು. 1976ರಲ್ಲಿ, ಇಬ್ಬರೂ ಒಪ್ಪಿದರೆ ಹೆಂಡತಿಯ ಹೆಸರನ್ನೂ ಮನೆಯ ಹೆಸರು ಮಾಡಬಹುದು ಎಂದಾಯಿತು. ಸಮಾನತೆ ಬಂತು ಅಂದುಕೊಂಡರು. ಆದರೆ ಒಪ್ಪದಿದ್ದರೆ? ಗಂಡನ ಹೆಸರೇ ಗತಿ. ಅಂದರೆ ಗಂಡ ಏನೂ ವಾದ ಮಾಡಬೇಕಿಲ್ಲ, ಸುಮ್ನೆ ಕೂತರೆ ಸಾಕು, ಗೆದ್ದ. 1991ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ ಇದನ್ನು ರದ್ದು ಮಾಡಿ, ಒಪ್ಪಂದ ಆಗದಿದ್ದರೆ ಇಬ್ಬರದೂ ಅವರವರ ಹೆಸರೇ ಉಳಿಯಲಿ ಎಂದಿತು. 1976ರ ಬದಲಾವಣೆ ಕಾಗದದ ಮೇಲೆ ದೊಡ್ಡದಾಗಿ ಕಂಡರೂ, ಮನೆಯೊಳಗಿನ ಮಾತುಕತೆಯಲ್ಲಿ ಬಲ ಯಾರ ಕಡೆ ಎಂಬುದನ್ನು ಬದಲಿಸಿದ್ದು ಈ ತೀರ್ಪೇ.

ಟರ್ಕಿಯದು ಬೇರೆ ಬಗೆಯ ಕಥೆ. ಅಲ್ಲಿನ ನಾಗರಿಕ ಸಂಹಿತೆಯ 187ನೇ ಕಲಂ ಪ್ರಕಾರ ಹೆಂಡತಿಗೆ ಗಂಡನ ಹೆಸರು ಬರಲೇಬೇಕಿತ್ತು, ಬೇಕಿದ್ದರೆ ತನ್ನ ಹೆಸರನ್ನು ಅದರ ಮುಂದೆ ಹಾಕಿಕೊಳ್ಳಬಹುದಿತ್ತು. 2004ರಲ್ಲೇ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇದು ಭೇದಭಾವ ಎಂದಿತ್ತು. ಆದರೂ ಕಲಂ ಹಾಗೇ ಉಳಿಯಿತು. ಬೇಕಾದವರು ಒಬ್ಬೊಬ್ಬರಾಗಿ ಕೇಸು ಹಾಕಿ ಗೆಲ್ಲಬೇಕಿತ್ತು. 2023ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಕಲಮನ್ನೇ ರದ್ದು ಮಾಡಿತು, 2024ರ ಜನವರಿಯಿಂದ ಅದು ಬಿದ್ದುಹೋಯಿತು. ಹಕ್ಕು ಸಿಗುವುದಕ್ಕೂ ಕಲಂ ಬೀಳುವುದಕ್ಕೂ ನಡುವೆ ಇಪ್ಪತ್ತು ವರ್ಷ ಹತ್ತಿರ ಹಿಡಿಯಿತು.

ಜಪಾನ್: ಕಾಗದದ ಮೇಲೆ ಸಮಾನ, 95 ಸಲ ಒಂದೇ ಮುಖ

ಜಪಾನಿನ ನಾಗರಿಕ ಸಂಹಿತೆಯ 750ನೇ ಕಲಂ ಓದಿದರೆ ತಪ್ಪೇನೂ ಕಾಣುವುದಿಲ್ಲ. ಮದುವೆಯಾದ ಜೋಡಿ ಗಂಡನ ಹೆಸರನ್ನೋ ಹೆಂಡತಿಯ ಹೆಸರನ್ನೋ, ಯಾವುದಾದರೂ ಒಂದನ್ನು ಇಬ್ಬರಿಗೂ ಆರಿಸಿಕೊಳ್ಳಬೇಕು. ಗಂಡು ಹೆಣ್ಣು ಎಂಬ ಭೇದ ಇಲ್ಲ. ಆದರೆ ಸುಮಾರು ನೂರಕ್ಕೆ 95 ಮದುವೆಗಳಲ್ಲಿ ಹೆಸರು ಬಿಡುವವಳು ಹೆಂಡತಿ. ನಾಣ್ಯವನ್ನು ನೂರು ಸಲ ಚಿಮ್ಮಿ 95 ಸಲ ಒಂದೇ ಮುಖ ಬಿದ್ದರೆ ನಾಣ್ಯದ ಮೇಲೆ ಅನುಮಾನ ಬರಬೇಕಲ್ಲವೇ?

ಹೀಗೆ ಒಂದೇ ಹೆಸರನ್ನು ಕಡ್ಡಾಯ ಮಾಡುವ ಬೇರೆ ದೇಶ ತನಗೆ ಗೊತ್ತಿಲ್ಲ ಎಂದು ಜಪಾನ್ ಸರ್ಕಾರವೇ ಸಂಸತ್ತಿನಲ್ಲಿ ಹೇಳಿದೆ. ಬದಲಾವಣೆಯನ್ನು ವಿರೋಧಿಸುವವರು ಇದು ಜಪಾನಿನ ಪರಂಪರೆ ಎನ್ನುತ್ತಾರೆ. ಇತಿಹಾಸ ನೋಡಿದರೆ ಪರಂಪರೆಗೆ ವಯಸ್ಸು ಕಮ್ಮಿ. ಎಲ್ಲರೂ ಅಡ್ಡಹೆಸರು ಇಟ್ಟುಕೊಳ್ಳಬೇಕು ಎಂಬ ಆದೇಶ ಬಂದದ್ದು 1875ರಲ್ಲಿ. ಮರುವರ್ಷ, 1876ರಲ್ಲಿ, ಹೆಂಡತಿ ತವರಿನ ಹೆಸರನ್ನೇ ಬಳಸಬೇಕು ಎಂದು ಸರ್ಕಾರವೇ ಹೇಳಿತ್ತು! ಒಂದು ಮನೆಗೆ ಒಂದು ಹೆಸರು, ಮನೆಗೊಬ್ಬ ಯಜಮಾನ ಎಂಬ ನಿಯಮ 1898ರ ಸಂಹಿತೆಯ ಜೊತೆ ಬಂತು. ಯುದ್ಧದ ನಂತರ 1947ರಲ್ಲಿ ಯಜಮಾನನ ಅಧಿಕಾರವನ್ನು ಕಿತ್ತುಹಾಕಿದರು, ಒಂದೇ ಹೆಸರಿನ ನಿಯಮವನ್ನು ಮಾತ್ರ ಬಿಟ್ಟರು. ಇಂಗ್ಲೆಂಡಿನಲ್ಲಿ ಆದ ಹಾಗೇ, ಕಾರಣ ಹೋಗಿ ಗುರುತು ಉಳಿಯಿತು.

ಸುಧಾರಣೆಯ ಮಾತೂ ಹೊಸದಲ್ಲ. 1996ರಲ್ಲೇ ಸರ್ಕಾರದ ಕಾನೂನು ಸಲಹಾ ಮಂಡಳಿ, ಬೇಕಾದವರು ಬೇರೆ ಬೇರೆ ಹೆಸರು ಇಟ್ಟುಕೊಳ್ಳಲಿ ಎಂದು ಶಿಫಾರಸು ಮಾಡಿತ್ತು. 2015ರಲ್ಲಿ ಸುಪ್ರೀಂ ಕೋರ್ಟಿನ 15 ನ್ಯಾಯಾಧೀಶರಲ್ಲಿ 10 ಮಂದಿ ಈಗಿನ ನಿಯಮ ಸಂವಿಧಾನಕ್ಕೆ ವಿರುದ್ಧವಲ್ಲ ಎಂದರು. ಒಪ್ಪದ ಐವರಲ್ಲಿ ಪೀಠದಲ್ಲಿದ್ದ ಮೂವರು ಮಹಿಳೆಯರೂ ಇದ್ದರು. 2021ರಲ್ಲಿ ಮತ್ತೆ ಅದೇ ತೀರ್ಪು. ಎರಡೂ ಸಲ ಕೋರ್ಟು ಹೇಳಿದ ಮಾತು, ಇದನ್ನು ಸಂಸತ್ತು ನೋಡಿಕೊಳ್ಳಲಿ. ಸಂಸತ್ತು ನೋಡುತ್ತಲೇ ಇದೆ.

ಈ ನಡುವೆ ಸರ್ಕಾರ ಒಂದು ಮಧ್ಯದ ದಾರಿ ಹುಡುಕಿತು. ಕಾನೂನಿನ ಹೆಸರು ಒಂದೇ ಇರಲಿ, ಕೆಲಸದ ಜಾಗದಲ್ಲಿ ಹಳೆಯ ಹೆಸರು ಬಳಸಿ. 2019ರಿಂದ ಗುರುತಿನ ಕಾರ್ಡಿನಲ್ಲಿ ಹಳೆಯ ಹೆಸರನ್ನೂ ಸೇರಿಸಬಹುದು. ಪಾಸ್‌ಪೋರ್ಟಿನಲ್ಲಿ ಆವರಣದೊಳಗೆ ಅಚ್ಚು ಹಾಕಿಸಬಹುದು. ಪ್ರಧಾನಿ ಸನಾಯೆ ತಕೈಚಿ ಕೂಡ ಬಹಳ ಕಾಲದಿಂದ ಇದೇ ಕಡೆಯವರು, ಹಳೆಯ ಹೆಸರಿನ ಬಳಕೆಗೆ ಕಾನೂನಿನ ಬಲ ಕೊಟ್ಟರೆ ಸಾಕು, ಹೆಸರನ್ನೇ ಬೇರೆ ಮಾಡುವುದು ಬೇಡ ಎನ್ನುವ ವಾದ.

ತೊಂದರೆ ಎಲ್ಲಿ? ಆವರಣದೊಳಗಿನ ಆ ಹೆಸರು ಪಾಸ್‌ಪೋರ್ಟಿನ ಚಿಪ್‌ನಲ್ಲಿ ಇರುವುದಿಲ್ಲ. ಅಂತರರಾಷ್ಟ್ರೀಯ ನಿಯಮದಲ್ಲಿ ಅದಕ್ಕೆ ಜಾಗ ಇಲ್ಲ. ಸಮ್ಮೇಳನದ ಆಹ್ವಾನ, ಹೋಟೆಲ್ ಬುಕಿಂಗ್ ಒಂದು ಹೆಸರಿನಲ್ಲಿ, ಯಂತ್ರ ಓದುವ ಹೆಸರು ಇನ್ನೊಂದು. ಬೇರೆ ದೇಶದ ಗಡಿಯಲ್ಲಿ ನಿಂತ ಅಧಿಕಾರಿಗೆ ಇದು ಸುಳ್ಳು ಹೆಸರಿನ ಹಾಗೆ ಕಂಡರೆ ಆಶ್ಚರ್ಯವಿಲ್ಲ. 2024ರ ಜೂನ್‌ನಲ್ಲಿ ಕೈದಾನ್‌ರೆನ್, ಅಂದರೆ ಜಪಾನಿನ ದೊಡ್ಡ ಉದ್ಯಮಗಳ ಒಕ್ಕೂಟ, ಆಯ್ಕೆ ಕೊಡಿ ಎಂದು ಸರ್ಕಾರವನ್ನು ಕೇಳಿದ್ದಕ್ಕೆ ಇದೇ ಕಾರಣ. ಸಂಪ್ರದಾಯಸ್ಥ ಎಂದು ಹೆಸರಾದ ಒಕ್ಕೂಟ ಇದನ್ನು ವ್ಯಾಪಾರದ ಅಪಾಯ ಎಂದು ಕರೆದ ಮೇಲೆ ಚರ್ಚೆಯ ಧಾಟಿ ಬದಲಾಯಿತು. ಹಕ್ಕಿನ ಮಾತಿಗೆ ಕರಗದವರು ಕೆಲಸ ಕೆಡುತ್ತದೆ ಎಂದಾಗ ಸ್ವಲ್ಪ ಕಿವಿ ಕೊಟ್ಟರು.

ಇನ್ನೊಂದು ಪಕ್ಕದ ಮಾತು. ಒಂದೇ ಹೆಸರಿನ ನಿಯಮ ಹೀಗೇ ಇದ್ದರೆ 2531ರ ಹೊತ್ತಿಗೆ ಜಪಾನಿನ ಎಲ್ಲರೂ ಸಾಟೊ ಆಗಿಬಿಡುತ್ತಾರೆ ಎಂದು ತೊಹೊಕು ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು 2024ರಲ್ಲಿ ಲೆಕ್ಕ ಹಾಕಿದ್ದರು. ಭವಿಷ್ಯವಾಣಿ ಎಂದು ತೆಗೆದುಕೊಳ್ಳಬೇಕಾದ್ದಲ್ಲ. ಆದರೆ ಪ್ರತಿ ಮದುವೆಯಲ್ಲೂ ಒಂದು ಹೆಸರು ಬಿಟ್ಟುಹೋದರೆ, ಅಪರೂಪದ ಹೆಸರು ಮೊದಲು ಅಳಿಯುತ್ತದೆ ಎನ್ನುವ ತರ್ಕ ಸರಿಯಾಗಿಯೇ ಇದೆ.

ಗಂಡನಿಗೆ ಯಾಕೆ ಕೋರ್ಟು?

ಈಗ ದಕ್ಷಿಣ ಆಫ್ರಿಕಾಕ್ಕೆ ವಾಪಸ್ ಬರೋಣ. ಅಲ್ಲಿನ 1992ರ ಜನನ ಮರಣ ನೋಂದಣಿ ಕಾಯ್ದೆಯ 26ನೇ ಕಲಂ ಪ್ರಕಾರ ಮದುವೆಯಾದ ಹೆಂಗಸು ಗಂಡನ ಹೆಸರು ತೆಗೆದುಕೊಳ್ಳಬಹುದು, ಹಳೆಯದಕ್ಕೆ ಮರಳಬಹುದು, ಎರಡನ್ನೂ ಸೇರಿಸಬಹುದು. ಯಾರ ಅನುಮತಿಯೂ ಬೇಡ. ಗಂಡಸಿಗೆ ಈ ಸೌಲಭ್ಯ ಇರಲಿಲ್ಲ. ಅವನು ಅರ್ಜಿ ಹಾಕಿ, ಸರಿಯಾದ ಕಾರಣ ತೋರಿಸಿ, ಅಧಿಕಾರಿ ಒಪ್ಪುವುದಕ್ಕೆ ಕಾಯಬೇಕು.

ಮೇಲ್ನೋಟಕ್ಕೆ ಇದು ಹೆಂಗಸರಿಗೆ ಅನುಕೂಲ, ಗಂಡಸರಿಗೆ ಅನ್ಯಾಯ. ಕೋರ್ಟು ನೋಡಿದ್ದು ಎರಡೂ ಕಡೆಯಿಂದ. ಹೆಂಗಸಿನ ಹೆಸರು ಬದಲಾಗುವುದು ಮಾಮೂಲಿ ಸಂಗತಿ, ಗಂಡಸಿನ ಹೆಸರು ಬದಲಾಗುವುದು ವಿಚಾರಣೆ ಮಾಡಬೇಕಾದ ಸಂಗತಿ ಎಂದು ಕಾನೂನು ಹೇಳಿದರೆ, ಯಾರ ಗುರುತು ಗಟ್ಟಿ, ಯಾರದು ಸಡಿಲ ಎಂದೂ ಅದು ಹೇಳಿದಂತಾಯಿತು. ಹಾಗಾಗಿ ಪೆಟ್ಟು ಇಬ್ಬರಿಗೂ. ಅಷ್ಟೇ ಅಲ್ಲ, ಆಫ್ರಿಕಾದ ಅನೇಕ ಸಮುದಾಯಗಳಲ್ಲಿ ಹೆಂಗಸರು ಹುಟ್ಟುಹೆಸರನ್ನೇ ಉಳಿಸಿಕೊಳ್ಳುತ್ತಿದ್ದರು, ಗಂಡನ ಹೆಸರಿನ ಪದ್ಧತಿ ಯುರೋಪಿನವರ ಆಳ್ವಿಕೆಯ ಜೊತೆ ಬಂದದ್ದು ಎಂದೂ ತೀರ್ಪು ನೆನಪಿಸಿತು. ಸರ್ಕಾರದ ಸಚಿವರು ಕೂಡ ಅರ್ಜಿಯನ್ನು ವಿರೋಧಿಸಲಿಲ್ಲ. ಕಾಯ್ದೆ ತಿದ್ದಲು ಸಂಸತ್ತಿಗೆ 24 ತಿಂಗಳ ಗಡುವು ಸಿಕ್ಕಿದೆ, ಅಂದರೆ 2027ರ ಸೆಪ್ಟೆಂಬರ್‌ವರೆಗೆ.

ಗಂಡಸರು ಈ ವಿಷಯಕ್ಕೆ ಕೋರ್ಟಿಗೆ ಹೋದದ್ದು ಇದೇ ಮೊದಲಲ್ಲ. ಹೆಂಡತಿಯ ಹೆಸರನ್ನು ಮನೆಯ ಹೆಸರಾಗಿ ಆರಿಸಿಕೊಂಡ ಸ್ವಿಸ್ ಗಂಡನೊಬ್ಬ ತನ್ನ ಹೆಸರನ್ನೂ ಅದರ ಮುಂದೆ ಇಟ್ಟುಕೊಳ್ಳಲು ಕೇಳಿದ. ಹೆಂಡತಿಯರಿಗೆ ಇದ್ದ ಆ ಅವಕಾಶ ಗಂಡಂದಿರಿಗೆ ಇರಲಿಲ್ಲ. 1994ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅವನ ಪರ ನಿಂತಿತು. ಅಮೆರಿಕದ ಫ್ಲೋರಿಡಾದಲ್ಲಂತೂ ಹೆಂಡತಿಯ ಹೆಸರು ತೆಗೆದುಕೊಂಡ ಒಬ್ಬ ಗಂಡನ ಡ್ರೈವಿಂಗ್ ಲೈಸೆನ್ಸನ್ನು ವಂಚನೆ ಎಂಬ ಆರೋಪದ ಮೇಲೆ ತಡೆಹಿಡಿದು, 2013ರಲ್ಲಿ ಸುದ್ದಿಯಾದ ಮೇಲೆ ವಾಪಸ್ ಕೊಟ್ಟರು. ಹೆಂಡತಿ ಮಾಡಿದರೆ ರೂಢಿ, ಗಂಡ ಮಾಡಿದರೆ ವಂಚನೆ!

ಯಾರು ಏನನ್ನುತ್ತಾರೆ

ಒಂದೇ ಹೆಸರು ಬೇಕೆನ್ನುವವರ ಮಾತಲ್ಲಿ ಹುರುಳಿಲ್ಲ ಎಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಅವರು ಹೇಳುವುದು, ಹೆಸರು ಒಂದಾದರೆ ಕುಟುಂಬ ಒಂದು ಎಂದು ಹೊರಗಿನವರಿಗೂ ತಿಳಿಯುತ್ತದೆ, ಮಕ್ಕಳಿಗೆ ಗೊಂದಲ ಇರುವುದಿಲ್ಲ. ಇದರಲ್ಲಿ ಕಚೇರಿಯ ಸತ್ಯವೂ ಸ್ವಲ್ಪ ಇದೆ. ತಾಯಿಯ ಪಾಸ್‌ಪೋರ್ಟಿನಲ್ಲಿ ಒಂದು ಅಡ್ಡಹೆಸರು, ಜೊತೆಗಿರುವ ಮಗುವಿನದರಲ್ಲಿ ಇನ್ನೊಂದು ಇದ್ದರೆ ಗಡಿಯಲ್ಲಿ ಪ್ರಶ್ನೆ ಕೇಳುವುದುಂಟು, ಜನನ ಪತ್ರ ತೋರಿಸಿ ಎನ್ನುವುದುಂಟು. ಆದರೆ ಈ ವಾದ ಒಂದು ಹೆಸರು ಇರಲಿ ಎನ್ನುವುದಕ್ಕೆ ಮಾತ್ರ ಆಗುತ್ತದೆ. ಆ ಒಂದು ಹೆಸರು ಗಂಡನದೇ ಯಾಕೆ ಎಂಬುದಕ್ಕೆ ಅದರಲ್ಲಿ ಉತ್ತರ ಇಲ್ಲ.

ಬದಲಿಸಬಾರದು ಎನ್ನುವವರದು ಗುರುತಿನ ವಾದ. ಇಪ್ಪತ್ತೈದು, ಮೂವತ್ತು ವರ್ಷ ಬಳಸಿದ ಹೆಸರಿನಲ್ಲಿ ಓದು, ಕೆಲಸ, ಸ್ನೇಹ, ಸಾಲ ತೀರಿಸಿದ ಒಳ್ಳೆಯ ಹೆಸರು ಎಲ್ಲ ಸೇರಿರುತ್ತದೆ. ಸಂಶೋಧಕರಿಗೆ ಇದು ಜಾಸ್ತಿ ತಟ್ಟುತ್ತದೆ, ಹಳೆಯ ಹೆಸರಿನ ಲೇಖನ ಒಂದು ಕಡೆ, ಹೊಸ ಹೆಸರಿನದು ಇನ್ನೊಂದು ಕಡೆ ಬಿದ್ದು ಒಬ್ಬರೇ ಇಬ್ಬರಾಗಿಬಿಡುತ್ತಾರೆ. 2012ರಲ್ಲಿ ಆರ್ಕಿಡ್ ಎಂಬ ವ್ಯವಸ್ಥೆ ಸಂಶೋಧಕರಿಗೆ ಹೆಸರಿನ ಬದಲು ಅಂಕಿಯ ಗುರುತು ಕೊಡಲು ಶುರುಮಾಡಿದ ಹಿಂದೆ ಈ ತೊಡಕೂ ಇತ್ತು.

ಇದಕ್ಕೆ ಸಾಮಾನ್ಯವಾಗಿ ಬರುವ ತಿರುಗೇಟು: ಹುಟ್ಟುಹೆಸರೂ ಅಪ್ಪನದೇ ತಾನೇ, ಒಬ್ಬ ಗಂಡಸಿನ ಹೆಸರು ಬಿಟ್ಟು ಇನ್ನೊಬ್ಬನದು ತೆಗೆದುಕೊಂಡರೆ ಏನಾಯಿತು? ಕೇಳಲು ಚುರುಕಾಗಿದೆ. ಆದರೆ ಗಂಡಸಿನ ಹೆಸರೂ ಅವನ ಅಪ್ಪನಿಂದಲೇ ಬಂದದ್ದು, ಅದನ್ನು ಯಾರೂ ನಿನ್ನದಲ್ಲ ಎನ್ನುವುದಿಲ್ಲ. ಬಳಸುತ್ತಾ ಬಳಸುತ್ತಾ ಅದು ಅವನದಾಗುತ್ತದೆ ಎಂದಾದರೆ ಅವಳದೂ ಹಾಗೇ ಆಗಬೇಕು.

ಇನ್ನು ಮೂರನೆಯವರಿದ್ದಾರೆ, ಚರ್ಚೆಯಲ್ಲಿ ಇವರ ದನಿ ಕೇಳುವುದೇ ಕಮ್ಮಿ. ಬದಲಿಸಲು ತಾವೇ ಬಯಸುವ ಹೆಂಗಸರು. ಕೆಲವರಿಗೆ ಹುಟ್ಟುಹೆಸರಿನ ಜೊತೆ ಕಹಿ ನೆನಪು ಅಂಟಿರುತ್ತದೆ, ಕೆಲವರಿಗೆ ಸುಮ್ನೆ ಇಷ್ಟ. ಅಮೆರಿಕದಲ್ಲಿ ಪ್ಯೂ ಸಂಶೋಧನಾ ಸಂಸ್ಥೆ 2023ರಲ್ಲಿ ಮಾಡಿದ ಸಮೀಕ್ಷೆಯಲ್ಲಿ, ಗಂಡಸನ್ನು ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 79 ಮಂದಿ ಗಂಡನ ಹೆಸರು ತೆಗೆದುಕೊಂಡಿದ್ದರು, 14 ಮಂದಿ ತಮ್ಮದನ್ನೇ ಉಳಿಸಿಕೊಂಡಿದ್ದರು. ಗಂಡಸರಲ್ಲಿ ಹೆಂಡತಿಯ ಹೆಸರು ತೆಗೆದುಕೊಂಡವರು ನೂರಕ್ಕೆ 5. ಅಲ್ಲಿ ಈಗ ಯಾವ ಕಾನೂನೂ ಒತ್ತಾಯ ಮಾಡುವುದಿಲ್ಲ. ಇವರೆಲ್ಲ ಒತ್ತಡಕ್ಕೆ ಬಿದ್ದವರು ಎನ್ನುವುದು ಅವಮಾನ, ಎಲ್ಲರೂ ಪೂರ್ತಿ ಸ್ವತಂತ್ರವಾಗಿ ಆರಿಸಿದರು ಎನ್ನುವುದೂ ಭೋಳೆತನ. 79ಕ್ಕೂ 5ಕ್ಕೂ ಇರುವ ಅಂತರ ಒಬ್ಬೊಬ್ಬರ ಇಷ್ಟದಿಂದ ಮಾತ್ರ ಹುಟ್ಟುವುದಿಲ್ಲ.

ಕಾಗದದ ಸರಪಳಿ

ಹೆಸರಿನ ಭಾವನೆಯ ಚರ್ಚೆ ಎಷ್ಟು ನಡೆದರೂ ಕೊನೆಗೆ ಕಾಟ ಕೊಡುವುದು ಕಾಗದ. ಹೆಸರು ಜೀವನಪೂರ್ತಿ ಒಂದೇ ಇರುತ್ತದೆ ಎಂಬ ಊಹೆಯ ಮೇಲೆ ದಾಖಲೆಗಳು ನಿಂತಿವೆ. ಜನನ ಪತ್ರ, ಓದಿನ ಸರ್ಟಿಫಿಕೇಟ್ ಹಳೆಯ ಹೆಸರಿನಲ್ಲೇ ಉಳಿಯುತ್ತವೆ. ಪಾಸ್‌ಪೋರ್ಟ್, ಬ್ಯಾಂಕ್, ವಿಮೆ ಹೊಸದಕ್ಕೆ ಹೋಗುತ್ತವೆ. ಎರಡನ್ನೂ ಹಿಡಿದಿರುವ ಒಂದೇ ಕೊಂಡಿ ಮದುವೆಯ ಪ್ರಮಾಣಪತ್ರ. ಅದು ಕಳೆದರೆ, ಅಥವಾ ಎರಡು ಮದುವೆ ಆಗಿದ್ದು ಮೊದಲನೆಯದರ ಪತ್ರ ಸಿಗದಿದ್ದರೆ, ಸರಪಳಿ ತುಂಡು.

ಅಮೆರಿಕದ ಗಲಾಟೆ ಹುಟ್ಟಿದ್ದು ಈ ಸರಪಳಿಯಿಂದಲೇ. ಮತದಾರರಾಗಿ ನೋಂದಾಯಿಸಲು ಪೌರತ್ವದ ದಾಖಲೆ ಕೊಡಬೇಕು ಎನ್ನುವ ಸೇವ್ ಆಕ್ಟ್ ಮಸೂದೆ 2025ರ ಏಪ್ರಿಲ್‌ನಲ್ಲಿ ಸಂಸತ್ತಿನ ಕೆಳಮನೆಯಲ್ಲಿ ಪಾಸಾಯಿತು. ಪಾಸ್‌ಪೋರ್ಟ್ ಇಲ್ಲದವರು ಜನನ ಪತ್ರ ತೋರಿಸಬೇಕು. ಗಂಡನ ಹೆಸರು ಇಟ್ಟುಕೊಂಡವಳ ಜನನ ಪತ್ರದಲ್ಲಿ ಬೇರೆ ಹೆಸರಿರುತ್ತದೆ. ಹೆಸರು ಹೊಂದದಿದ್ದರೆ ಬೇರೆ ದಾಖಲೆ ಪಡೆಯುವ ಕ್ರಮವನ್ನು ರಾಜ್ಯಗಳು ಮಾಡಿಕೊಳ್ಳಬೇಕು ಎಂದು ಮಸೂದೆಯಲ್ಲೇ ಇದೆ, ಯಾರ ಮತವೂ ಹೋಗುವುದಿಲ್ಲ ಎನ್ನುವುದು ಬೆಂಬಲಿಗರ ಉತ್ತರ. ವಿರೋಧಿಗಳು ಹೇಳುವುದು, ಹೋಗದಿರಬಹುದು, ಆದರೆ ಹೆಚ್ಚುವರಿ ಕಾಗದ ಹುಡುಕುವ ಕೆಲಸ ಬಹುತೇಕ ಹೆಂಗಸರ ತಲೆಗೇ ಬೀಳುತ್ತದೆ. ಇಬ್ಬರ ಮಾತೂ ಒಟ್ಟಿಗೆ ನಿಜ ಆಗಬಹುದು. ಲೂಸಿ ಸ್ಟೋನ್‌ಗೆ ಹೆಸರು ಬದಲಿಸದ್ದಕ್ಕೆ ಮತ ಸಿಗಲಿಲ್ಲ, ಈಗಿನ ಆತಂಕ ಬದಲಿಸಿದ್ದಕ್ಕೆ.

ಜೋಡಿ ಹೆಸರು ಇಟ್ಟರೆ ಸಮಸ್ಯೆ ತೀರುತ್ತದಾ? ಸ್ವಲ್ಪ ಮಟ್ಟಿಗೆ. ಪಾಸ್‌ಪೋರ್ಟಿನ ಕೆಳಗೆ ಯಂತ್ರ ಓದುವ ಎರಡು ಸಾಲು ಇರುತ್ತವೆ, ಒಂದೊಂದರಲ್ಲಿ 44 ಅಕ್ಷರ. ಹೆಸರಿಗೆ ಸಿಗುವುದು ಅದರಲ್ಲಿ 39. ಎರಡು ಉದ್ದದ ಅಡ್ಡಹೆಸರು ಸೇರಿದರೆ ತುದಿ ಕತ್ತರಿಸಿ ಹೋಗುತ್ತದೆ. ನಡುವಿನ ಅಡ್ಡಗೆರೆಗೂ ಅಲ್ಲಿ ಜಾಗವಿಲ್ಲ, ಖಾಲಿ ಜಾಗ ತುಂಬುವ ಚಿಹ್ನೆಯೇ ಅದರ ಬದಲಿಗೂ ಬರುತ್ತದೆ. ಹೀಗಾಗಿ ಒಂದು ಕಡೆ ಜೋಡಿ ಹೆಸರು, ಇನ್ನೊಂದು ಕಡೆ ಬಿಡಿ ಹೆಸರು.

ಬದಲಿಸಲು ತೀರ್ಮಾನಿಸಿದವರಿಗೆ ಕೆಲಸಕ್ಕೆ ಬರುವ ಎರಡು ಮಾತು: ವಿಮಾನದ ಟಿಕೆಟ್‌ನಲ್ಲಿ ಇರುವ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಹೊಂದಲೇಬೇಕು, ಆದ್ದರಿಂದ ಪ್ರಯಾಣ ನಿಗದಿಯಾಗಿದ್ದರೆ ಅದು ಮುಗಿದ ಮೇಲೆ ಬದಲಿಸುವುದು ಜಾಣತನ. ಮದುವೆಯ ಪ್ರಮಾಣಪತ್ರದ ದೃಢೀಕೃತ ಪ್ರತಿಗಳನ್ನು ಒಂದಕ್ಕಿಂತ ಹೆಚ್ಚು ತೆಗೆದಿಟ್ಟುಕೊಳ್ಳಿ, ಒಂದೊಂದು ಕಚೇರಿಯೂ ಅದನ್ನೇ ಕೇಳುತ್ತದೆ.

ಮದುವೆ ಮುರಿದರೆ ಇದೇ ಸರಪಳಿಯನ್ನು ಹಿಂದಕ್ಕೆ ಎಳೆಯಬೇಕು. ಫ್ರಾನ್ಸಿನಲ್ಲಿ ವಿಚ್ಛೇದನವಾದರೆ ಸಂಗಾತಿಯ ಹೆಸರು ಬಳಸುವ ಹಕ್ಕು ಹೋಗುತ್ತದೆ, ಮುಂದುವರಿಸಲು ಅವರ ಒಪ್ಪಿಗೆಯೋ ನ್ಯಾಯಾಧೀಶರ ಅನುಮತಿಯೋ ಬೇಕು. ಜರ್ಮನಿಯಲ್ಲಿ ಹಾಗೇ ಉಳಿಸಿಕೊಳ್ಳಬಹುದು. ಏಂಜೆಲಾ ಮರ್ಕೆಲ್ ಹುಟ್ಟಿದ್ದು ಕಾಸ್ನರ್ ಆಗಿ. ಮರ್ಕೆಲ್ ಎನ್ನುವುದು 1982ರಲ್ಲಿ ವಿಚ್ಛೇದನವಾದ ಮೊದಲ ಗಂಡನ ಹೆಸರು. ಆಮೇಲೆ ಯೋಆಕಿಮ್ ಸೌವರ್ ಅವರನ್ನು ಮದುವೆಯಾದರೂ ಅದನ್ನು ಬಿಡಲಿಲ್ಲ. ಜಗತ್ತು 16 ವರ್ಷ ಜರ್ಮನಿಯ ನಾಯಕಿಯನ್ನು ಕರೆದದ್ದು ಆ ಮಾಜಿ ಗಂಡನ ಹೆಸರಿನಿಂದ. ಆ ಹೊತ್ತಿಗೆ ಅದು ಯಾರ ಹೆಸರಾಗಿತ್ತು ಹೇಳಿ?

ಜಗಳ ಮುಂದಿನ ಪೀಳಿಗೆಗೆ

ಇಬ್ಬರೂ ಅವರವರ ಹೆಸರು ಉಳಿಸಿಕೊಂಡರೆ ಪ್ರಶ್ನೆ ಮಾಯವಾಗುವುದಿಲ್ಲ, ಮಗು ಹುಟ್ಟುವ ತನಕ ಮುಂದಕ್ಕೆ ಹೋಗುತ್ತದೆ. ಇಟಲಿಯಲ್ಲಿ ಮಗುವಿಗೆ ತಾನಾಗಿಯೇ ಅಪ್ಪನ ಹೆಸರು ಬರುವ ನಿಯಮವನ್ನು ಸಂವಿಧಾನ ನ್ಯಾಯಾಲಯ 2022ರಲ್ಲಿ ತೆಗೆದುಹಾಕಿತು. ಈಗ ಇಬ್ಬರೂ ಸೇರಿ ಒಂದನ್ನು ಆರಿಸದಿದ್ದರೆ ಮಗುವಿಗೆ ಎರಡೂ ಹೆಸರು. ಸರಿ, ಎರಡೆರಡು ಹೆಸರಿರುವ ಇಬ್ಬರು ಮದುವೆಯಾದರೆ ಅವರ ಮಗುವಿಗೆ ನಾಲ್ಕು, ಮೊಮ್ಮಗುವಿಗೆ ಎಂಟು. ಕೋರ್ಟಿಗೆ ಇದು ಗೊತ್ತಿತ್ತು, ಹೆಸರು ಹೀಗೆ ಬೆಳೆಯದಂತೆ ಸಂಸತ್ತು ಕಾನೂನು ಮಾಡಲಿ ಎಂದು ಅದೇ ತೀರ್ಪಿನಲ್ಲಿ ಕೇಳಿಕೊಂಡಿತು.

ಸ್ಪೇನಿನವರು ಇದನ್ನು ಬಹಳ ಹಿಂದೆಯೇ ಬಗೆಹರಿಸಿದ್ದಾರೆ. ಅಪ್ಪನ ಮೊದಲ ಅಡ್ಡಹೆಸರು ಒಂದು, ಅಮ್ಮನ ಮೊದಲನೆಯದು ಒಂದು, ಉಳಿದವು ಬಿಟ್ಟುಹೋಗುತ್ತವೆ. ಆದರೆ ಮುಂದಿನ ಪೀಳಿಗೆಗೆ ದಾಟುವುದು ಮೊದಲಲ್ಲಿರುವ ಹೆಸರು, ಮೊದಲಲ್ಲಿ ಇರುತ್ತಿದ್ದದ್ದು ಅಪ್ಪನದು. 2017ರಿಂದ ಆ ಡಿಫಾಲ್ಟ್ ಕೂಡ ಇಲ್ಲ. ಯಾವುದು ಮೊದಲು ಎಂದು ಅಪ್ಪ ಅಮ್ಮ ಇಬ್ಬರೂ ಕೂತು ತೀರ್ಮಾನಿಸಿ ಬರೆದುಕೊಡಬೇಕು. ಒಮ್ಮತಕ್ಕೆ ಬಾರದಿದ್ದರೆ, ಮಗುವಿನ ಹಿತ ನೋಡಿ ನೋಂದಣಿ ಕಚೇರಿಯ ಅಧಿಕಾರಿಯೇ ಯಾವುದೋ ಒಂದನ್ನು ಮೊದಲು ಬರೆದು ಮುಗಿಸುತ್ತಾರೆ.